ಗುಲಾಬಿಗೆ ಅನುಮತಿ, ಅಣೆಕಟ್ಟಿಗೆ ಇಲ್ಲ

ನಮ್ಮ ದ್ರಾಕ್ಷಿ–ದಾಳಿಂಬೆ ಬೆಳೆಗಾರರ ವಾಟ್ಸಾಪ್ ಗುಂಪಿನ ಅಡ್ಮಿನ್ ಸಾಹೇಬರಿಗೆ,

ಜಮಖಂಡಿಯ ಸದಸ್ಯನೊಬ್ಬನ ಬಿನ್ನಹ.

ಮೊದಲು ಅಭಿನಂದನೆ. 'ತೋಟಗಾರಿಕೆ ವಿಷಯ ಮಾತ್ರ, ರಾಜಕೀಯ ಬೇಡವೇ ಬೇಡ' ಎಂದು ಗುಂಪಿನ ನೆತ್ತಿಯ ಮೇಲೆ ನೀವು ಬರೆದಿಟ್ಟ ನಿಯಮ ಚಾಚೂ ತಪ್ಪದೆ ನಡೆದಿದೆ. ನಸುಕಿನಲ್ಲೇ ಬಂದು ಬೀಳುವ ಶುಭೋದಯದ ಗುಲಾಬಿಗಳನ್ನು ನೀವು ಒಮ್ಮೆಯೂ ತಡೆದಿಲ್ಲ. ಗುಲಾಬಿ ಪುಷ್ಪಕೃಷಿಯ ಬೆಳೆ, ಯಾರು ತಕರಾರು ತೆಗೆದಾರು? ಮೊಣಕಾಲು ನೋವಿಗೆ ಅರಿಸಿನ ಹಾಲು ಕುಡಿಯಿರಿ ಎಂಬ ವಿಡಿಯೊ ಸಾಂಬಾರ ಬೆಳೆಯ ಖಾತೆಗೆ ಹೋಗುತ್ತದೆ. ಹೊಸ ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದ ಲಿಂಬೆಹಣ್ಣು ಲಿಂಬೆಯೇ. ನಾಯಕರೊಬ್ಬರ ಹುಟ್ಟುಹಬ್ಬಕ್ಕೆ ಕ್ರೇನಿನಿಂದ ಇಳಿಬಿಟ್ಟ ಸೇಬಿನ ಹಾರದ ಫೋಟೊ ರಾಜಕೀಯವಲ್ಲವೇ ಎಂದು ಯಾರೋ ಗೊಣಗಿದ್ದುಂಟು. ಹಾರದಲ್ಲಿದ್ದದ್ದು ಹಣ್ಣು, ಆದ್ದರಿಂದ ಅದು ಉಳಿಯಿತು. ಮುಧೋಳ ನಾಯಿಮರಿ ಮಾರಾಟಕ್ಕಿವೆ ಎಂಬುದಕ್ಕೂ ನಿಮ್ಮ ಮೌನ ಸಮ್ಮತಿ ಸಿಕ್ಕಿತು. ನಾಯಿ ತೋಟ ಕಾಯುತ್ತದಲ್ಲ!

ನೀವು ಅಳಿಸಿದ್ದು ಎರಡನ್ನೇ. ಎರಡೂ ನನಗೆ ನೆನಪಿವೆ.

ಒಂದು, ಬೀಳಗಿ ಕಡೆಯ ಕಾಕಾ ಕೇಳಿದ್ದು. "ಆಲಮಟ್ಟಿ 519.60 ಮೀಟರಿನಿಂದ 524.256ಕ್ಕ ಏರಿದ್ರ ನನ್ನ ಹೊಲ ಉಳೀತೈತೋ ಮುಳಗತೈತೋ? ಈ ವರ್ಷ ದಾಳಿಂಬರಿ ಹಚ್ಚಲ್ಯೋ ಬ್ಯಾಡೋ?" ದಾಳಿಂಬೆ ಹಚ್ಚುವುದೆಂದರೆ ಸಸಿ, ಡ್ರಿಪ್ಪು, ಗೊಬ್ಬರ ಎಲ್ಲಕ್ಕೂ ಮೊದಲೇ ದುಡ್ಡು ಸುರಿದು, ಮೊದಲ ಬಹಾರ ಹಿಡಿಯಲು ಎರಡು–ಮೂರು ವರ್ಷ ಕಾಯುವುದು. ಆಮೇಲೂ ಹತ್ತು ಹದಿನೈದು ವರ್ಷ ಗಿಡ ನಿಲ್ಲಬೇಕು. ಅಷ್ಟು ಕಾಲ ನೆಲ ತನ್ನದಾಗಿ ಇರುತ್ತದೆಯೇ ಎಂಬುದಕ್ಕಿಂತ ದೊಡ್ಡ ತೋಟಗಾರಿಕೆ ಪ್ರಶ್ನೆ ಯಾವುದಿದೆ ಸಾಹೇಬರೇ? ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲೇ ಅಣೆಕಟ್ಟಿನ ಆ ಎತ್ತರಕ್ಕೆ ಒಪ್ಪಿದೆ. ಕಾಕಾ ಮಾತ್ರ ಹೊಲದ ಬದುವಿನ ಮೇಲೆ ನಿಂತೇ ಇದ್ದಾರೆ. ನೀವು 'ಇದು ರಾಜಕೀಯ' ಎಂದಿರಿ.

ಇನ್ನೊಂದು, ಮುಧೋಳದ ತಮ್ಮನ ಕಬ್ಬಿನ ಲೆಕ್ಕ. 2025–26ರ ಎಫ್‌ಆರ್‌ಪಿ, ಅಂದರೆ ಕೇಂದ್ರ ಗೊತ್ತುಮಾಡಿದ ಕಬ್ಬಿನ ದರ, ಶೇ. 10.25 ಸಕ್ಕರೆ ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ, ಮೇಲಿನ ಪ್ರತಿ 0.1ಕ್ಕೆ 3 ರೂಪಾಯಿ 46 ಪೈಸೆ. ಹಾಗಾದರೆ ನಮ್ಮ ಕಬ್ಬಿನ ರಿಕವರಿ ಎಷ್ಟೆಂದು ನಮಗೆ ಯಾರು ಹೇಳಬೇಕು ಎಂದು ಕೇಳಿದ್ದ. ಕಬ್ಬು ತೋಟಗಾರಿಕೆ ಬೆಳೆಯಲ್ಲ ಎಂದಿರಿ. ಶಾಸ್ತ್ರಕ್ಕೆ ಸರಿಯೇ.

ನನಗೊಂದು ಕೆಟ್ಟ ಯೋಚನೆ ಬರುತ್ತದೆ. ನಿಮ್ಮ ಗುಂಪು 1980ರ ದಶಕದಲ್ಲೇ ಇದ್ದಿದ್ದರೆ? ಬೇಸಿಗೆಯಲ್ಲಿ ಕೃಷ್ಣೆ ಬತ್ತುತ್ತಿದ್ದ ದಿನಗಳವು. 'ಸರ್ಕಾರದ ದಾರಿ ಕಾದದ್ದು ಸಾಕು, ನಾವೇ ವಂತಿಗೆ ಹಾಕಿ ನದಿಗೆ ಅಡ್ಡ ಕಟ್ಟೋಣ' ಎಂದು ರೈತರ ಮುಂದಾಳು ಸಿದ್ದು ನ್ಯಾಮಗೌಡರು ಗುಂಪಿನಲ್ಲಿ ಬರೆದಿದ್ದರೆ, ನೀವು ಆ ಕ್ಷಣವೇ ಒರೆಸಿ ಹಾಕಿ, ಕೆಳಗೆ ಕೈಮುಗಿದ ಗುರುತು ಹಾಕುತ್ತಿದ್ದಿರಿ. ಪುಣ್ಯಕ್ಕೆ ಆಗ ವಾಟ್ಸಾಪ್ ಇರಲಿಲ್ಲ. ರೈತರು ದುಡ್ಡು ಕೂಡಿಸಿದರು, ಮೈಮುರಿದು ದುಡಿದರು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ನಿಂತಿತು. ಶ್ರಮಬಿಂದು ಸಾಗರ ಎಂಬ ಹೆಸರೂ ಬಂತು. ನಿಮ್ಮ ಅನುಮಾನವೂ ಸುಳ್ಳಲ್ಲ ಬಿಡಿ. 1991ರಲ್ಲಿ ಅದೇ 'ಬ್ಯಾರೇಜ್ ಸಿದ್ದು' ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ದೆಹಲಿಗೆ ಹೋದರು. ಅಂದಮೇಲೆ ನೀರಿನ ಮಾತು ಅಪ್ಪಟ ರಾಜಕೀಯವೇ. ಇಂದು ನಾವು ಹಚ್ಚುತ್ತಿರುವ ಬೆಳೆಗೆ ಹಾಯುವ ನೀರು ಆ ರಾಜಕೀಯದ್ದು, ಅಷ್ಟೇ.

ನಿಮ್ಮ ನಿಯಮದ ನಿಜವಾದ ಫಲ ಕಂಡದ್ದು ಸಾವಳಗಿ ಕಡೆಯ ಹುಡುಗನ ದ್ರಾಕ್ಷಿ ಪಡದಲ್ಲಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಮುಗಿದು ಎಳೆ ಚಿಗುರು, ಗೊಂಚಲು ಆಗತಾನೇ ಕಣ್ಣು ಬಿಟ್ಟಿದ್ದವು. ಮೋಡ ಕವಿದು ಜಿಟಿಜಿಟಿ ಹಿಡಿದಿತ್ತು. ರಾತ್ರಿ ಎಲೆಯ ಫೋಟೊ ಹಾಕಿದ. ಮೇಲೆ ಎಣ್ಣೆ ಹನಿ ಬಿದ್ದಂಥ ಹಳದಿ ಚುಕ್ಕೆ, ಎಲೆ ಮಗುಚಿದರೆ ಬೆಳ್ಳನೆಯ ಬೂಷ್ಟು. ಡೌನಿ ಎಂದು ಹೇಳಲು ಪದವಿ ಬೇಕಿಲ್ಲ. ಎಲೆ ಒಂದು ರಾತ್ರಿ ತೊಯ್ದು ನಿಂತರೆ ಸಾಕು, ರೋಗ ಒಳಹೊಕ್ಕಿರುತ್ತದೆ; ಗೊಂಚಲಿಗೆ ಇಳಿಯಿತೆಂದರೆ ವರ್ಷದ ಗಳಿಕೆ ಹೋಯಿತು. ಅವನಿಗೆ ಉತ್ತರ ಬೇಕಾಗಿದ್ದದ್ದು ಬೆಳಗಾಗುವುದರೊಳಗೆ. ಬೆಳಗಾಗುತ್ತಲೇ ಗುಲಾಬಿಗಳು ಬಂದವು. ಅವುಗಳ ಮೇಲೆ ಸೇಬಿನ ಹಾರ, ಅದರ ಮೇಲೆ 'ಅಣ್ಣಾರಿಗೆ ನೂರು ವರ್ಷ ಆಯುಷ್ಯ' ಎಂಬ ಹಾರೈಕೆಗಳ ಸಾಲು. ಎಲೆಯ ಫೋಟೊ ಎಲ್ಲೋ ತಳ ಸೇರಿತು. ಕೊನೆಗೆ ಒಬ್ಬರು ಅದನ್ನು ನೋಡಿದರು ಅನ್ನಿ. "ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ಬೋರ್ಡೋ ಹೊಡೀರಿ" ಎಂದರು. ದಾಳಿಂಬೆಯವರು ಪಾಪ, ತಮಗೆ ಗೊತ್ತಿದ್ದನ್ನು ಹೇಳಿದರು. ಎಳೆ ದ್ರಾಕ್ಷಿ ಚಿಗುರಿಗೆ ತಾಮ್ರ ಬಿದ್ದರೆ ಸುಟ್ಟೀತು, ಚಾಟ್ನಿ ಆಗಿ ಎಷ್ಟು ದಿನ ಎಂದು ಮೊದಲು ಕೇಳಿ ಎನ್ನುವಂಥವರು ಗುಂಪಿನಲ್ಲಿ ಇಲ್ಲವೆಂದಲ್ಲ. ಗುಲಾಬಿಗೆ ಬೇಸತ್ತು ಅವರು ಯಾವಾಗಲೋ ಗುಂಪನ್ನು ಮ್ಯೂಟ್ ಮಾಡಿ ಕೂತಿದ್ದಾರೆ.

2008ರಿಂದ ನಮ್ಮ ಜಿಲ್ಲೆಯಲ್ಲೇ ಒಂದು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಅಲ್ಲಿಯ ಪಂಡಿತರೊಬ್ಬರನ್ನು ಗುಂಪಿಗೆ ಸೇರಿಸಿ ಎಂದು ಕೇಳಲು ಹೊರಟವನು ಸುಮ್ಮನಾದೆ. ಅವರಿಗೂ ಶುಭೋದಯ ಹೇಳಿಯೇ ಓಡಿಸುತ್ತೇವೆ.

ಅದಕ್ಕೇ ವಿನಂತಿ. ನಿಯಮವನ್ನು ಬದಲಿಸಬೇಡಿ, ತಿರುಗಿಸಿ. ಅಣೆಕಟ್ಟು, ರಿಕವರಿ, ಕರೆಂಟು, ರೇಟು ಇವೆಲ್ಲ ಇರಲಿ. ಬೈದಾಟ ಶುರುವಾದರೆ ಆಗ ಕತ್ತರಿ ಹಿಡಿಯಿರಿ. ರೋಗದ ಪ್ರಶ್ನೆ ಕೇಳುವವರು ಎಲೆಯ ಎರಡೂ ಮಗ್ಗುಲಿನ ಫೋಟೊ, ಚಾಟ್ನಿಯ ದಿನ, ಹಿಂದೆ ಹೊಡೆದ ಔಷಧ, ಮಳೆ ಬಂದದ್ದು ಯಾವಾಗ ಎಂಬುದನ್ನು ಜೊತೆಗೇ ಬರೆಯಲಿ. ಆ ಪ್ರಶ್ನೆಗೆ ಉತ್ತರ ಬರುವ ತನಕ ಗುಲಾಬಿ ಗಿಡದಲ್ಲೇ ಇರಲಿ.

ಇತಿ ನಿಮ್ಮ ವಿಧೇಯ,
ನಾಳೆ ಗುಂಪಿನಿಂದ ಹೊರಬೀಳಲಿರುವ ಸದಸ್ಯ

ತಾ.ಕ.: ನಾಯಿಮರಿಯ ರೇಟನ್ನು ಗುಂಪಿಗೆ ಹಾಕುವುದು ಬೇಡ, ನನಗೆ ಪ್ರತ್ಯೇಕ ಕಳಿಸಿ.