ಹಸ್ಕಿಯ ಒಡೆಯರಿಗೆ ಬಿನ್ನವತ್ತಳೆ

ಬೆಂಗಳೂರಿನ ಮಾನ್ಯ ಮಹನೀಯರೆ, ಮಹಿಳೆಯರೆ,

ಸೈಬೀರಿಯನ್ ಹಸ್ಕಿ ಎಂಬ ಒಂದೇ ತಳಿಯ ನಾಯಿಗಳಿಗಾಗಿ ನಮ್ಮ ನಗರದಲ್ಲಿ ಸಂರಕ್ಷಣಾಲಯವೊಂದನ್ನು ಸ್ಥಾಪಿಸಲು ನಾವು ಕೆಲವರು ಸಂಕಲ್ಪಿಸಿರುವುದರಿಂದಲೂ, ತಮ್ಮಂಥವರ ನಿರಂತರ ಪ್ರೋತ್ಸಾಹವಿಲ್ಲದೆ ಅಂಥ ಸಂಸ್ಥೆಯು ಒಂದು ತಿಂಗಳಾದರೂ ನಡೆಯಲಾರದೆಂಬುದು ಸ್ವತಸ್ಸಿದ್ಧವಾಗಿರುವುದರಿಂದಲೂ, ಉದ್ಘಾಟನೆಗೆ ಮೊದಲೇ ತಮಗೆ ಕೃತಜ್ಞತೆಯನ್ನು ಸಲ್ಲಿಸುವುದು ನಮ್ಮ ಧರ್ಮವೆಂದು ಬಗೆದಿದ್ದೇವೆ.

ತಮ್ಮ ಸಾಹಸವೇನು ಸಾಮಾನ್ಯವೆ? ಸೈಬೀರಿಯದ ಈಶಾನ್ಯದ ಅಂಚಿನಲ್ಲಿ ಚುಕ್ಚಿ ಜನರು ಹಿಮಬಂಡಿಯನ್ನೆಳೆಯಲೆಂದು ತಲೆತಲಾಂತರದಿಂದ ಸಾಕಿ ಬೆಳೆಸಿದ, 1925ರ ಚಳಿಗಾಲದಲ್ಲಿ ಅಲಾಸ್ಕದ ನೋಮ್ ಪಟ್ಟಣಕ್ಕೆ ಗಂಟಲಮಾರಿಯ ಮದ್ದನ್ನು ಸಾಗಿಸಿದ ತಂಡಗಳಲ್ಲಿ ಓಡಿ ಕೀರ್ತಿವೆತ್ತ ಈ ಕುಲವನ್ನು ತಾವು ಎರಡು ಕೋಣೆಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ನೆಲೆಗೊಳಿಸಿರುವಿರಿ. ಮೈಲಿಗಟ್ಟಲೆ ಓಡಿದರೂ ದಣಿಯದ ಕಾಲುಗಳಿಗೆ ನಂದಿನಿ ಬೂತಿನವರೆಗಿನ ಪ್ರಾತಃಸಂಚಾರವನ್ನು ಕರುಣಿಸಿರುವಿರಿ. ಇಮ್ಮಡಿ ತುಪ್ಪುಳನ್ನು ಹೊತ್ತು ಹುಟ್ಟಿದ ಪ್ರಾಣಿಗೆ ಏಪ್ರಿಲ್ ತಿಂಗಳ ಬಿಸಿಲನ್ನೂ, ಕರೆಂಟು ಹೋದೊಡನೆ ನಿಂತುಹೋಗುವ ಏಸಿಯನ್ನೂ ಒದಗಿಸಿರುವಿರಿ. 2016ರಲ್ಲಿ ಕೇಂದ್ರ ಸರ್ಕಾರವು ಮರಿ ಮಾಡಿಸಿ ಮಾರುವ ವ್ಯಾಪಾರಕ್ಕಾಗಿ ವಿದೇಶದಿಂದ ನಾಯಿಗಳನ್ನು ತರಿಸುವುದನ್ನು ನಿರ್ಬಂಧಿಸಿದಾಗ ಈ ಪರಂಪರೆಯು ನಿಂತೀತೆಂದು ಶಂಕಿಸಿದವರುಂಟು; ಇಲ್ಲಿಯ ಮರಿ ವ್ಯಾಪಾರಿಗಳ ಸ್ವದೇಶಿ ಉದ್ಯಮಶೀಲತೆಯನ್ನೂ ತಮ್ಮ ಗುಣಗ್ರಾಹಿತ್ವವನ್ನೂ ಅವರು ಅರಿತಿರಲಿಲ್ಲ.

ಕೊಳ್ಳುವುದಕ್ಕಿಂತ ಬಿಡುವುದರಲ್ಲಿ ತಮ್ಮ ಪ್ರತಿಭೆ ಇನ್ನೂ ಪ್ರಕಾಶಮಾನವಾದುದು. ನೀಲಿಗಣ್ಣಿನ ಫೋಟೋಗಳು ಬಂಧುಮಿತ್ರರ ಮೊಬೈಲುಗಳನ್ನೆಲ್ಲ ಸುತ್ತಿ ಮುಗಿದ ಬಳಿಕ, ಸಾರಿನಲ್ಲಿ ಕೂದಲು ಕಾಣಿಸಿಕೊಂಡ ಬಳಿಕ, ಬೊಗಳಲೊಲ್ಲದೆ ತೋಳನಂತೆ ಊಳಿಡುವ ಅದರ ಗಾಯನದ ವಿಷಯವಾಗಿ ಕೆಳಮನೆಯವರು ಅಸೋಸಿಯೇಷನ್ನಿಗೆ ದೂರಿತ್ತ ಬಳಿಕ, ತಮಗೆ ಅಮೆರಿಕಕ್ಕೆ ವರ್ಗವಾಗುವುದೂ, ಮಗುವಿಗೆ ಉಬ್ಬಸ ಬರುವುದೂ, ಬಾಡಿಗೆ ಮನೆಯ ಮಾಲೀಕರ ಮನಸ್ಸು ಕೆಡುವುದೂ ಒಂದೇ ವಾರದಲ್ಲಿ ಸಂಭವಿಸುವುದನ್ನು ಕಂಡು ವಿಧಿಯ ಲೀಲೆಗೆ ಬೆರಗಾಗಿದ್ದೇವೆ. ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾಯಿದೆಯು, ಸಕಾರಣವಿಲ್ಲದೆ ಪ್ರಾಣಿಯೊಂದನ್ನು ಹಸಿವು ನೀರಡಿಕೆಗಳಿಗೆ ಈಡಾಗುವಂತೆ ತೊರೆಯುವುದು ಅಪರಾಧವೆಂದು ಸಾರಿ, ಮೊದಲ ಬಾರಿಯ ತಪ್ಪಿಗೆ 10ರಿಂದ 50 ರೂಪಾಯಿಗಳ ದಂಡವನ್ನು ಗೊತ್ತುಮಾಡಿದೆ. ಸಾವಿರ ಸಾವಿರಗಳನ್ನು ತೆತ್ತು ಕೊಂಡುದನ್ನು ಐವತ್ತರಲ್ಲಿ ಕಳೆದುಕೊಳ್ಳುವ ಸೌಲಭ್ಯ ಬೇರಾವ ವ್ಯವಹಾರದಲ್ಲುಂಟು?

ಬೀದಿನಾಯಿಗಳನ್ನು ಬಿಟ್ಟು ಈ ಕುಲೀನರಿಗೆ ಮಾತ್ರ ಆಶ್ರಯವೇಕೆಂದು ಆಕ್ಷೇಪಿಸುವವರಿಗೆ ನಮ್ಮ ಉತ್ತರವಿಷ್ಟೆ: ಬೀದಿಯ ನಾಯಿಗೆ ಮಧ್ಯಾಹ್ನದ ನೆರಳೂ ಚಹದಂಗಡಿಯ ಬಿಸ್ಕತ್ತೂ ಎಲ್ಲಿವೆಯೆಂಬುದು ತಿಳಿದಿದೆ, ಪೊಟ್ಟಣದ ಆಹಾರವಲ್ಲದೆ ಬೇರೇನನ್ನೂ ಕಾಣದ ಹಸ್ಕಿಗೆ ರಿಂಗ್ ರಸ್ತೆಯಲ್ಲಿ ಎತ್ತ ಓಡಬೇಕೆಂಬುದೂ ತಿಳಿಯದು. ಅಲ್ಲದೆ, ದಾನಿಗಳ ಕೈ ಸಡಿಲವಾಗುವುದೂ ನೀಲಿಗಣ್ಣಿಗೇ ಎಂಬುದನ್ನು, ಲೆಕ್ಕಪತ್ರವನ್ನಿಡಬೇಕಾದ ನಾವು ಮರೆತಿಲ್ಲ.

ತಮ್ಮ ಅನುಕೂಲಕ್ಕಾಗಿ ಎರಡು ನಿಯಮಗಳನ್ನು ರಚಿಸಿದ್ದೇವೆ. ನಡುರಾತ್ರಿಯಲ್ಲಿ ಬಂದು ಗೇಟಿಗೆ ಕಟ್ಟಿಹೋಗುವ ಶ್ರಮವನ್ನು ತಾವು ವಹಿಸಬೇಕಾಗಿಲ್ಲ, ಹಗಲಿನಲ್ಲಿಯೇ ದಯಮಾಡಿಸಬಹುದು. ಬಿಡಲು ಕಾರಣವೇನೆಂದು ನಾವು ಕೇಳುವುದಿಲ್ಲ, ಅವೆಲ್ಲವೂ ನಮಗೆ ಬಾಯಿಪಾಠವಾಗಿವೆ. ಕೊಳ್ಳಲು ಕಾರಣವೇನಿತ್ತೆಂಬುದನ್ನು ಮಾತ್ರ ಅರ್ಜಿಯಲ್ಲಿ ಸ್ವಹಸ್ತದಿಂದ ಬರೆದು ಸಹಿ ಮಾಡತಕ್ಕದ್ದು. ಆ ಉತ್ತರಗಳನ್ನು, ಹೆಸರುಗಳನ್ನು ಮರೆಮಾಡಿ, ಮರಿ ಮಾರುವ ಅಂಗಡಿಗಳ ಎದುರಿನ ಗೋಡೆಗಳಿಗೆ ಅಂಟಿಸಬೇಕೆಂದು ಸಮಿತಿಯು ನಿರ್ಣಯಿಸಿದೆ. ಅವನ್ನೋದಿ ನಾಲ್ವರಾದರೂ ಬರಿಗೈಯಲ್ಲಿ ಮನೆಗೆ ಮರಳಿದರೆ, ಸಂಸ್ಥೆಯು ಮುಚ್ಚಿಹೋಗುವ ಸುದಿನವು ಅಷ್ಟರಮಟ್ಟಿಗೆ ಸಮೀಪಿಸಿತೆಂದು ಸಂತೋಷಪಡುವೆವು.

ಇತಿ ತಮ್ಮ ವಿಧೇಯ,
ಸ್ಥಾಪನೆಯಾಗಲಿರುವ ಸಂರಕ್ಷಣಾಲಯದ ಗೌರವ ಕಾರ್ಯದರ್ಶಿ