ನಮಗೆ ಹೆಸರಿಡುವ ಮಹನೀಯರಿಗೆ

ಪರಮಪೂಜ್ಯ ಮಹನೀಯರೇ,

ಅಫಜಲಪುರ ತಾಲ್ಲೂಕಿನ ಕರಜಗಿಯಿಂದ ಸಾಷ್ಟಾಂಗ ನಮಸ್ಕಾರಗಳು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಒಂದು ಕಾಲು ಸೊರಗಿದವನು ನಾನು. ಊರವರ ಬಾಯಲ್ಲಿ ಕುಂಟನಾಗಿದ್ದವನನ್ನು ನೀವು ಅಂಗವಿಕಲ ಎಂದಿರಿ, ಆಮೇಲೆ ವಿಕಲಚೇತನ, ವಿಶೇಷಚೇತನ ಎಂದಿರಿ. 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ಸೂಚಿಸಿದ ಮೇಲೆ ದಿವ್ಯಾಂಗನೂ ಆದೆ. ಇಷ್ಟು ಸಲ ನಾಮಕರಣ ಮಾಡಿಸಿಕೊಳ್ಳುವ ಭಾಗ್ಯ ನಮ್ಮೂರಲ್ಲಿ ಮತ್ತ್ಯಾರಿಗೂ ಸಿಕ್ಕಿಲ್ಲ. ಒಂದು ಸಲವೂ ನಮ್ಮನ್ನು ಕೇಳಿ ತೊಂದರೆ ಕೊಡಲಿಲ್ಲ, ಅದು ನಿಮ್ಮ ದೊಡ್ಡತನ.

ಒಂದು ವಿಷಯಕ್ಕೆ ಮನಸಾರೆ ಕೈಮುಗಿಯುತ್ತೇನೆ. ನಾಲ್ಕು ಜನರ ಮುಂದೆ ನಮ್ಮನ್ನು ಬೇಕೆಂದೇ ಅವಮಾನಿಸಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಸಜೆ ಎಂದು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬರೆದಿದೆ. ಬಸ್‌ಸ್ಟ್ಯಾಂಡಿನಲ್ಲಿ ಕುರುಡ, ಮೂಗ ಅನ್ನಿಸಿಕೊಂಡು ತಲೆ ತಗ್ಗಿಸುವ ಮಕ್ಕಳಿಗೆ ಅದು ದೊಡ್ಡ ಆಸರೆ. ಅಂಗವೈಕಲ್ಯದ ಬಗೆಗಳು 7 ಇದ್ದದ್ದು 21 ಆದವು, ನೌಕರಿಯ ಮೀಸಲಾತಿ ಶೇ 3ರಿಂದ 4ಕ್ಕೆ ಏರಿತು. ಇವು ಹೆಸರಿಗಿಂತ ದೊಡ್ಡವು.

ಆದರೆ ದಿವ್ಯತೆಯ ಬಗ್ಗೆ ಒಂದು ನಮ್ರ ಅರಿಕೆ. ಮಳೆ ಬಿದ್ದ ದಿನ ನಮ್ಮ ಎರೆಮಣ್ಣಿನಲ್ಲಿ ಊರುಗೋಲು ಗೇಣುದ್ದ ಹೂತುಹೋಗುತ್ತದೆ. ಅದನ್ನು ಕಿತ್ತು ಮುಂದಿನ ಹೆಜ್ಜೆ ಇಡುವಾಗ ದೇವರ ಅಂಶ ಯಾವುದೂ ನೆರವಿಗೆ ಬರುವುದಿಲ್ಲ. ದೇವರಾದವನು ರಸ್ತೆ ಕೇಳಬಾರದು ಎಂಬ ಭಯವೂ ಇದೆ. ದಿವ್ಯಾಂಗ ಎಂಬ ಪದ ಬೇಡವೆಂದು ನಮ್ಮ ಸಂಘಟನೆಗಳು ಆಗಲೇ ಹೇಳಿದ್ದವು. 2019ರಲ್ಲಿ ವಿಶ್ವಸಂಸ್ಥೆಯ ಸಮಿತಿಯೂ ಆಕ್ಷೇಪ ಎತ್ತಿತು.

ನಮ್ಮ ಸೀಮೆಗೆ ಹೆಳವರು ಬರುತ್ತಾರೆ, ತಮಗೆ ಗೊತ್ತಿರಬೇಕು. ಹೆಳವ ಎಂದರೆ ಕಾಲಿಲ್ಲದವನು. ಆದರೂ ಅವರು ಬಾಗಿಲಿಗೆ ಬಂದರೆ ಮನೆಯ ಯಜಮಾನ ಕಂಬಳಿ ಹಾಸಿ ಕೂರಿಸಿ, ತನ್ನ ಮನೆತನದ ತಲೆತಲಾಂತರದ ವಂಶಾವಳಿಯನ್ನು ಅವರ ಬಾಯಿಂದ ಕೇಳಿ, ಕಾಳು ಅಳೆದು ಕೊಟ್ಟು ಕಳಿಸುತ್ತಾನೆ. ಹೆಸರು ತಿದ್ದದೆಯೇ ಅವರಿಗೆ ಮರ್ಯಾದೆ ಸಿಕ್ಕಿದ್ದು ಮಾಡುವ ಕಸುಬಿನಿಂದ, ಮನೆಯೊಳಗೆ ಕೊಟ್ಟ ಜಾಗದಿಂದ. ನಮಗೂ ಅಂಥ ಕೆಲಸ ಕೊಡಿ, ಜಾಗ ಕೊಡಿ.

ಪ್ರಮಾಣಪತ್ರಕ್ಕೆಂದು ನಾನು ಹೋಗುವ ಕಚೇರಿಯಲ್ಲಿ ಫಲಕ ಬದಲಾಗಿ ಬಣ್ಣ ಫಳಫಳ ಹೊಳೆಯುತ್ತಿದೆ. ಕಚೇರಿ ಮಾತ್ರ ಮಹಡಿಯ ಮೇಲೇ ಇದೆ. ಪೋಲಿಯೊ ಕಾಲು ಮತ್ತೆ ಬೆಳೆದಿದೆಯೇನೋ ಎಂಬಂತೆ ಪ್ರತಿ ಸಲ ಹೊಸದಾಗಿ ಪರೀಕ್ಷೆ. ಅಂಗವೈಕಲ್ಯ ಶೇ 40 ಎಂದು ಬರೆದುಕೊಟ್ಟರೆ ಸೌಲಭ್ಯಕ್ಕೆ ನಾವಿದ್ದೇವೆ, 39 ಎಂದರೆ ಇಲ್ಲ.

ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ನಮಗೂ ಹೊಂದುವಂತೆ ಮಾಡಬೇಕೆಂದು ಅದೇ ಕಾಯ್ದೆ ಹೇಳಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಗಡುವು ಮುಗಿದದ್ದು 2022ರಲ್ಲಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಸಾಕು. ಮುಂದಿನ ಫಲಕಕ್ಕೆ ತೆಗೆದಿಟ್ಟ ಹಣವನ್ನು ದಯಮಾಡಿ ಅದಕ್ಕೆ ಹಾಕಿ. ಮತ್ತೊಂದು ಹೆಸರು ಹುಡುಕುವ ಸಭೆ ಕರೆದರೆ ನಮಗೂ ಹೇಳಿಕಳಿಸಿ. ನೆಲಮಹಡಿಯಲ್ಲಿ ಇಟ್ಟುಕೊಳ್ಳಿ, ಬರುತ್ತೇವೆ.

ಇಂತಿ ತಮ್ಮ ವಿಧೇಯ,
ಕರಜಗಿಯ ಒಬ್ಬ ನಾಗರಿಕ