ಮೂಗಿನ ನೇರಕ್ಕೆ

ಪ್ರತಿ ಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹೋಮ್‌ಸ್ಟೇ ಅಂಗಳದಲ್ಲಿ ಗಾಡಿ ನಿಂತ ಕೂಡಲೇ ಮಕ್ಕಳು ಉಯ್ಯಾಲೆಗೆ ಓಡುತ್ತಾರೆ, ಹೆಂಗಸರು ದಾಸವಾಳದ ಬೇಲಿ ಪಕ್ಕ ನಿಂತು ಸೆಲ್ಫಿ ತೆಗೆಯುತ್ತಾರೆ, ಗಂಡಸರು ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಇವರು ಮಾತ್ರ ಯಾರಿಗೂ ಕಾಯದೆ ನೆಟ್ಟಗೆ ಹೋಗಿ ಕೋಣೆಯ ಹೊಸ್ತಿಲ ಮೇಲೆ ನಿಲ್ಲುತ್ತಾರೆ. ಬ್ಯಾಗು ಕೆಳಗಿಡುವುದಿಲ್ಲ. ಕಣ್ಣು ಮುಚ್ಚಿ, ಗಲ್ಲ ಮೇಲೆತ್ತಿ, ಎರಡು ಸಲ ಉಸಿರೆಳೆದುಕೊಂಡು ಹೇಳುತ್ತಾರೆ: "ಹೂಂ, ಇದೆ."

ಏನಿದೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಕೇಳಿದರೆ ಹೇಳಿಬಿಡುತ್ತಾರೆ.

ನಮ್ಮ ಪಾಲಿಗೆ ಬಂದವರು ನನ್ನ ಷಡ್ಡಕರು. ಬ್ಯಾಂಕೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಊರೂರಿನ ಶಾಖೆಗಳಿಗೆ ಹೇಳದೆ ಕೇಳದೆ ನುಗ್ಗಿ ಲೆಡ್ಜರ್ ತೆಗೆಸಿದ ಕೈ. ಲೆಡ್ಜರ್ ಹೋಯಿತು, ಮೂಗು ಉಳಿಯಿತು. ನಮಗೆ ನಿಮಗೆಲ್ಲ ವಾಸನೆ ಎಂದರೆ ಎರಡೇ ಬಗೆ, ಒಳ್ಳೆಯದು ಮತ್ತು ಕೆಟ್ಟದ್ದು. ಅವರಲ್ಲಿ ಒಂದೊಂದಕ್ಕೂ ಬೇರೆ ಬೇರೆ ಖಾತೆ. ಮಳೆಗಾಲದ ರಗ್ಗಿನದು ಮುಗ್ಗಲು. ಮೂರನೇ ಸಲ ಕಾಯಿಸಿದ ಎಣ್ಣೆಯ ಬೋಂಡಾದ್ದು ಕಮಟು. ಹಿಂದಿನ ಅತಿಥಿಯ ತಲೆ ದಿಂಬಿನಲ್ಲಿ ಬಿಟ್ಟುಹೋದದ್ದು ಸಿಂಡು. ನಾತ ಎಂಬುದನ್ನು ಬಚ್ಚಲಿಗೆ ಮಾತ್ರ ಮೀಸಲಿಟ್ಟಿದ್ದಾರೆ. ಯಾರಾದರೂ "ಏನೋ ಸ್ಮೆಲ್ ಬರ್ತಿದೆಯಪ್ಪಾ" ಎಂದರೆ ಸಿಡಿಮಿಡಿಗೊಳ್ಳುತ್ತಾರೆ. "ಏನೋ ಅಂದ್ರೆ? ಎಲ್ಲೋ ಒಂದಿಷ್ಟು ದುಡ್ಡು ಕಮ್ಮಿ ಇದೆ ಅಂತ ನಾನು ರಿಪೋರ್ಟ್ ಬರೆದಿದ್ರೆ ನಡೀತಿತ್ತಾ? ಎಲ್ಲಿ, ಎಷ್ಟು, ಯಾವಾಗಿಂದ, ಹೇಳ್ಬೇಕು."

ಹೋದ ಡಿಸೆಂಬರ್ ರಜೆಯಲ್ಲಿ ಬಳಗವೆಲ್ಲ ಮೂಡಿಗೆರೆ ಕಡೆಯ ಒಂದು ಕಾಫಿ ತೋಟಕ್ಕೆ ಹೋಗಿದ್ದೆವು. ತೋಟದ ಹೆಸರು ಬೇಡ, ಮಾಲೀಕರು ಒಳ್ಳೆಯವರು. ಟಾರು ರಸ್ತೆ ಬಿಟ್ಟು ಜೀಪು ಮಣ್ಣು ದಾರಿ ಹಿಡಿಯುತ್ತಿದ್ದಂತೆ ಹುಳಿಹುಳಿಯಾದ, ಕೊಳೆತ ಹಣ್ಣಿನಂಥ ಗಾಳಿ ಮುಖಕ್ಕೆ ಬಡಿಯಿತು. ನನ್ನ ಮಗಳು ದುಪಟ್ಟಾ ಮೂಗಿಗೆ ಒತ್ತಿಕೊಂಡು, "ದೊಡ್ಡಪ್ಪಾ, ಇದೇನಿದು ಗಬ್ಬು! ಇಳಿದ ತಕ್ಷಣ ನೀವು ಕಂಪ್ಲೇಂಟ್ ಮಾಡ್ಲೇಬೇಕು" ಎಂದಳು. ಬಹಳ ದಿನದಿಂದ ಕಾದಿದ್ದ ಅವಕಾಶವಿದು, ಹಾರಿ ಹಿಡಿಯುತ್ತಾರೆ ಎಂದುಕೊಂಡೆವು.

"ಇದು ಕಂಪ್ಲೇಂಟಲ್ಲ," ಎಂದರು ಷಡ್ಡಕರು. "ಇದು ಅವರ ಅನ್ನ."

ಆಮೇಲೆ ಜೀಪು ಅಂಗಳ ಮುಟ್ಟುವ ತನಕ ಉಪನ್ಯಾಸ. ಅರೇಬಿಕಾ ಕೊಯ್ಲು ನಡೆಯುವುದೇ ನವೆಂಬರ್‌ನಿಂದ ಜನವರಿವರೆಗೆ. ಕೊಯ್ದ ಹಣ್ಣನ್ನು ಅಂದಂದೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಬೇಕು. ಬೀಜಕ್ಕಂಟಿದ ಲೋಳೆ ಹೋಗಬೇಕಾದರೆ ತೊಟ್ಟಿಯಲ್ಲಿ ಹುದುಗಬೇಕು. ಆ ಸಿಪ್ಪೆ ಗುಡ್ಡೆ, ಆ ತೊಟ್ಟಿಯ ನೀರು ನಾರದೆ ಇನ್ನೇನು ಮಾಡುತ್ತವೆ? ಪೇಟೆಯವರಿಗೆ ಕ್ರಿಸ್‌ಮಸ್ ರಜೆ ಸಿಗುವುದೂ ತೋಟದಲ್ಲಿ ಪಲ್ಪಿಂಗ್ ಜೋರಾಗಿರುವುದೂ ಒಂದೇ ಕಾಲದಲ್ಲಿ. ಅದಕ್ಕೆ ಗಿಡ ಹೊಣೆಯಲ್ಲ. "ಮಲ್ಲಿಗೆಯಂಥ ವಾಸನೆ ಬೇಕಾದ್ರೆ ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಬಾ. ತೋಟಕ್ಕೆ ತೋಟವೇ ಬೆಳ್ಳಗಾಗಿರುತ್ತೆ. ಆಗ ನಿಂಗೆ ಪರೀಕ್ಷೆ ಇರುತ್ತೆ, ಅದು ಬೇರೆ ವಿಷಯ."

ಅವರನ್ನು ಬರೀ ಗೊಣಗುವವರು ಎಂದುಕೊಂಡವರಿಗೆ ಗೊತ್ತಿಲ್ಲದ ಸಂಗತಿ ಇದೇ. ಕೊಟ್ಟಿಗೆಯ ಸಗಣಿ, ಹಂಡೆ ಒಲೆಯ ಹೊಗೆ, ಕರಾವಳಿಯ ಒಣಮೀನು, ಅಡಿಕೆ ಬೇಯಿಸುವ ಚೊಗರು, ಇವೆಲ್ಲಕ್ಕೂ ಅವರಲ್ಲಿ ಪೂರ್ತಿ ಮಾಫಿ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಹೊಯ್ಯುತ್ತದೆ. ಅಲ್ಲಿ ಶ್ರಾವಣದಲ್ಲಿ ರಗ್ಗು ಒಣಗಿಸುವುದು ಒಲೆಯ ಶಾಖದಲ್ಲೇ. ರಗ್ಗಿಗೆ ಹೊಗೆ ವಾಸನೆ ಇದ್ದರೆ ಷಡ್ಡಕರು ಮೂಗಿಗೆ ಹಿಡಿದು ನೋಡಿ, "ಭೇಷ್, ಒಣಗಿಸಿದ್ದಾರೆ" ಎಂದು ಹೊದ್ದು ಮಲಗುತ್ತಾರೆ. ಅವರ ತಕರಾರೇನಿದ್ದರೂ ಉದಾಸೀನದ ವಾಸನೆಯ ಮೇಲೆ. ಊರಿನ ವಾಸನೆಯ ಮೇಲಲ್ಲ.

ಮೂಡಿಗೆರೆಯ ಆ ಕೋಣೆಯಲ್ಲಿ ಇದ್ದದ್ದು ಉದಾಸೀನದ್ದೇ. ಹೊಸ್ತಿಲ ಮೇಲೆ ನಿಂತವರು "ಇದೆ" ಎಂದರು. ಬೆಲ್ಲದ ಕಾಫಿ ತಟ್ಟೆ ಹಿಡಿದು ಬಂದ ಮಾಲೀಕರನ್ನು ಅಲ್ಲೇ ನಿಲ್ಲಿಸಿದರು.

"ಗೌಡ್ರೇ, ಈ ರೂಮಿನ ಬೀಗ ಯಾವಾಗ ತೆಗೆದದ್ದು?"

"ಇವತ್ ಬೆಳಿಗ್ಗೇನೇ ಸಾರ್. ಗುಡ್ಸಿ ಒರ್ಸಿ ಎಲ್ಲಾ ಕ್ಲೀನ್ ಮಾಡ್ಸಿದೀನಿ."

"ಅದಕ್ಕೆ ಮುಂಚೆ?"

"ದೀಪಾವಳಿಗೆ ಒಂದ್ ಪಾರ್ಟಿ ಬಂದಿತ್ತು."

"ಬಚ್ಚಲಿಂದ ನಾತ ಬರ್ತಿದೆ."

ನನ್ನ ಅತ್ತಿಗೆ, ಅಂದರೆ ಅವರ ಹೆಂಡತಿ, "ರೀ…" ಎಂದರು. ಮದುವೆಯಾದಂದಿನಿಂದ ಅವರು ಎಳೆಯುತ್ತ ಬಂದಿರುವ ರೀ ಅದು. ಅದರಲ್ಲಿ ಮಾನ, ಮರ್ಯಾದೆ, ತವರು ಮನೆ ಎಲ್ಲವೂ ಇರುತ್ತದೆ. ನಾವೆಲ್ಲ ಒಮ್ಮೆಗೇ ಗುಡ್ಡದ ಕಡೆ ತಿರುಗಿ ಗುಡ್ಡವನ್ನು ಹೊಗಳತೊಡಗಿದೆವು.

ಗೌಡರು ಒಳಗೆ ಹೋಗಿ ಮೂಸಿ ನೋಡಿದರು. "ನಂಗೇನೂ ಬರ್ತಿಲ್ವಲ್ಲ ಸಾರ್" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಡುತ್ತದೆ. ಬೆಳಿಗ್ಗೆಯಿಂದ ಅದೇ ಕೋಣೆಯಲ್ಲಿ ನಿಂತು ಕೆಲಸ ಮಾಡಿಸಿದವರಿಗೆ ಅದು ತಿಳಿಯುವುದಾದರೂ ಹೇಗೆ? ಇದು ಷಡ್ಡಕರಿಗೆ ಗೊತ್ತು. ವಾದ ಮಾಡಲಿಲ್ಲ. ಗೌಡರ ಹೆಗಲ ಮೇಲೆ ಕೈಹಾಕಿ ಕಣದ ಕಡೆ ಕರೆದುಕೊಂಡು ಹೋದರು. ಈ ಸಲದ ಕಾಫಿ ರೇಟು, ಆಳುಗಳ ತಾಪತ್ರಯ, ಆನೆ ಕಾಟ ಎಲ್ಲ ವಿಚಾರಿಸಿದರು. ಹತ್ತು ಹದಿನೈದು ನಿಮಿಷ ಒಳ್ಳೆಯ ಗಾಳಿ ಕುಡಿಸಿ ಮತ್ತೆ ಕರೆತಂದು ಕೋಣೆಯೊಳಗೆ ಬಿಟ್ಟರು.

"ಈಗ?"

ಗೌಡರ ಮೂಗು ಮೊದಲು ಅರಳಿತು, ಆಮೇಲೆ ಮುದುರಿತು. "ಅಯ್ಯಯ್ಯಪ್ಪಾ!" ಎಂದರು.

ಅಷ್ಟರಲ್ಲಿ ಮನೆಯ ಹುಡುಗ ಸುಳಿವು ಹಿಡಿದು ರೂಮ್ ಫ್ರೆಶ್‌ನರ್ ಡಬ್ಬಿ ತಂದು ನಾಲ್ಕೂ ಮೂಲೆಗೆ ಭುಸ್ಸೆಂದು ಬಿಟ್ಟ. ಷಡ್ಡಕರಿಗೆ ಕೋಪ ಬರುವುದು ಇಲ್ಲೇ. ನಾತಕ್ಕಿಂತ ಹೆಚ್ಚು ಅವರು ದ್ವೇಷಿಸುವುದು ನಾತದ ಮೇಲೆ ಹೊದಿಸುವ ಗುಲಾಬಿಯನ್ನು. "ಇದು ಬ್ಯಾಡ್ ಲೋನಿನ ಮೇಲೆ ಇನ್ನೊಂದು ಲೋನ್ ಕೊಟ್ಟ ಹಾಗೆ ಕಣಯ್ಯಾ. ಹಳೇದು ಹಾಗೇ ಇರುತ್ತೆ" ಎಂದರು. ವಾಶ್‌ಬೇಸಿನ್‌ನಲ್ಲಿದ್ದ ನುಸಿಗುಳಿಗೆಗಳನ್ನೂ ಪೇಪರಿನಲ್ಲಿ ಕಟ್ಟಿಸಿ ಹೊರಗೆ ಹಾಕಿಸಿದರು. ಅವು ನ್ಯಾಫ್ತಲೀನ್‌ನವು, ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ರಕ್ತದ ಕೆಂಪು ಕಣಗಳನ್ನೇ ಒಡೆಯಬಲ್ಲದು. ಕೊರತೆ ಯಾವ ಮಗುವಿಗಿದೆ ಎಂದು ಯಾರ ಹಣೆಯ ಮೇಲೂ ಬರೆದಿರುವುದಿಲ್ಲವಲ್ಲ.

ಆಮೇಲೆ ಪಂಚೆ ಎತ್ತಿ ಕಟ್ಟಿ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ಮೂಲೆಯ ಜಾಲರಿ ಎತ್ತಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿದರು. ಪ್ಲಂಬರುಗಳು ನಹಾನಿ ಟ್ರ್ಯಾಪ್ ಎನ್ನುವುದು ಇದನ್ನೇ. ಅದರ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು. ಆ ನೀರೇ ಬಾಗಿಲು. ಕೋಣೆ ವಾರಗಟ್ಟಲೆ ಬೀಗ ಹಾಕಿದ್ದರೆ ನೀರು ಆರಿಹೋಗುತ್ತದೆ. ಗುಂಡಿಯ ಹೈಡ್ರೋಜನ್ ಸಲ್ಫೈಡ್, ಅಂದರೆ ಆ ಕೊಳೆತ ಮೊಟ್ಟೆಯ ವಾಸನೆ, ನೇರ ಮಂಚದ ತನಕ ಬಂದು ಕೂರುತ್ತದೆ. ಷಡ್ಡಕರು ಒಂದು ಬಕೆಟ್ ನೀರು ಸುರಿಸಿದರು. ಅಡುಗೆಮನೆಯಿಂದ ಒಂದು ಚಮಚ ಎಣ್ಣೆ ತರಿಸಿ ಮೇಲೆ ಬಿಟ್ಟರು, ನೀರು ಬೇಗ ಆರದಿರಲಿ ಎಂದು. ಕಿಟಕಿ ತೆಗೆಸಿದರು. ಸಂಜೆ ಹೊತ್ತಿಗೆ ಕೋಣೆಯಲ್ಲಿ ಉಳಿದದ್ದು ಹುಡುಗನ ಗುಲಾಬಿ ಮಾತ್ರ. ಅದು ಎರಡು ದಿನ ಹೋಗಲಿಲ್ಲ.

"ಈ ಬಾಗಿದ ಪೈಪಿಗೆ 1775ರಲ್ಲೇ ಪೇಟೆಂಟ್ ತಗೊಂಡಿದ್ದ ಒಬ್ಬ," ಎಂದರು ಕೈತೊಳೆಯುತ್ತ. "ಅಲೆಕ್ಸಾಂಡರ್ ಕಮಿಂಗ್ ಅಂತ, ಸ್ಕಾಟ್ಲೆಂಡಿನವನು. ಲಂಡನ್ನಿನಲ್ಲಿ ಗಡಿಯಾರ ಮಾಡ್ತಿದ್ದ." ಗೌಡರು ಆ ಮಹಾನುಭಾವನಿಗೆ ಮನಸ್ಸಿನಲ್ಲೇ ಕೈಮುಗಿದಂತೆ ಕಂಡಿತು.

ಊಟಕ್ಕೆ ಕೂತಾಗ ಅತ್ತಿಗೆ ಶುರುಮಾಡಿದರು. "ಬಂದ ಮನೇಲಿ, ಕಾಫಿ ಕೈಗೆ ಬರೋಕ್ ಮುಂಚೆ, ಹಾಗೆಲ್ಲ ಅನ್ನೋದಾ? ಮನೆಯವರ ಮನಸ್ಸಿಗೆ ಎಷ್ಟು ನೋವಾಗಿರಬೇಡ!"

ಷಡ್ಡಕರು ಅಕ್ಕಿರೊಟ್ಟಿ ಮುರಿಯುತ್ತ ಮಹಾಭಾರತಕ್ಕೇ ಕೈಹಾಕಿದರು. "ಮತ್ಸ್ಯಗಂಧಿಯ ದೋಣೀಲಿ ಪರಾಶರ ಮಹರ್ಷಿ ಸುಮ್ನೆ ಮೂಗು ಮುಚ್ಕೊಂಡು ನದಿ ದಾಟಿದ್ರೆ ಏನಾಗ್ತಿತ್ತು? ಮೀನಿನ ವಾಸನೆಗೆ ಅವರು ಒಂದು ದಾರಿ ಮಾಡಿದ್ದಕ್ಕೆ ಅವಳು ಯೋಜನಗಂಧಿ ಆದದ್ದು. ಶಂತನು ಆ ಪರಿಮಳ ಹಿಡ್ಕೊಂಡು ಬಂದದ್ದು. ಅವಳು ಹಸ್ತಿನಾವತಿಗೆ ರಾಣಿ ಆದದ್ದು."

"ಆಮೇಲೆ ಕುರುಕ್ಷೇತ್ರ ಆದದ್ದು," ಎಂದರು ಅತ್ತಿಗೆ. "ಅದಕ್ಕೇ ಹೇಳೋದು, ಮೂಗು ಮುಚ್ಕೊಂಡಿರ್ಬೇಕಿತ್ತು."

ಗೌಡರ ಮನಸ್ಸಿಗೆ ನೋವಾಗಿದ್ದರೆ ಅದು ಕಂಡ ಬಗೆಯೇ ಬೇರೆ. ಮರುದಿನ ಬೆಳಿಗ್ಗೆ ಕಡುಬು ಬಡಿಸುತ್ತ, "ಸಾರ್, ಉಳಿದ್ ರೂಮೂ ಒಂದ್ಸಲ ನೋಡಿಬಿಡಿ" ಎಂದರು. ನಾವು ಜೀಪು ಹತ್ತಿ ಮುಳ್ಳಯ್ಯನಗಿರಿಗೆ ಹೋದೆವು. ಕರ್ನಾಟಕದ ಅತಿ ಎತ್ತರದ ಶಿಖರ, 1,930 ಮೀಟರ್. ನಾವು ಅಲ್ಲಿ ನಿಂತು ಮೋಡ ನೋಡುತ್ತಿದ್ದಾಗ ಷಡ್ಡಕರು ತೋಟದ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಮೂಸುತ್ತ ತಿರುಗುತ್ತಿದ್ದರು. ಹಿಂದೆ ಗೌಡರು, ಗೌಡರ ಹಿಂದೆ ಬಕೆಟ್ ಹಿಡಿದ ಹುಡುಗ. ನಾವು ವಾಪಸು ಬಂದಾಗ ಅಷ್ಟು ಖುಷಿಯಾಗಿ ಆ ಪ್ರವಾಸದಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಬೀರುವಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿದದ್ದನ್ನು ಬೀರು ಸರಿಸದೆಯೇ ಹೇಳಿದ್ದರಂತೆ. ಹೊಸ ಮಳೆ ಬಿದ್ದಾಗ ನಮಗೆ ಹಿತವಾಗುವ ಮಣ್ಣಿನ ವಾಸನೆಯಲ್ಲಿ ಜಿಯೋಸ್ಮಿನ್ ಎಂಬ ವಸ್ತುವಿದೆ. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯಬಲ್ಲದು. ಅಂಗಳದಲ್ಲಿ ಕವಿತೆ ಬರೆಸುವ ಅದೇ ಮಣ್ಣು ವಾಸನೆ ಬೀರುವಿನ ಹಿಂದಿನಿಂದ ಬಂದರೆ ಗೋಡೆಗೆ ನೀರು ಇಳಿಯುತ್ತಿದೆ ಎಂದು ಲೆಕ್ಕ.

ಹೊರಡುವಾಗ ಅತಿಥಿಗಳ ಪುಸ್ತಕ ಬಂತು. ಹಿಂದಿನ ಪುಟಗಳ ತುಂಬ "ಸೂಪರ್ ಪ್ಲೇಸ್", "ಅದ್ಭುತ ನೇಚರ್", "ಊಟ ಬೊಂಬಾಟ್", ನಡುನಡುವೆ ಹೃದಯದ ಚಿತ್ರ. ದೀಪಾವಳಿಯ ಪಾರ್ಟಿಯೂ ಹೃದಯ ಬಿಡಿಸಿ ಹೋಗಿತ್ತು. ಷಡ್ಡಕರು ಕನ್ನಡಕ ಹಾಕಿಕೊಂಡು ಗೆರೆ ಎಳೆದು ಬರೆದರು: "ಬಚ್ಚಲ ಮೂಲೆಯ ಟ್ರ್ಯಾಪ್ ಒಣಗಿತ್ತು, ಸರಿಪಡಿಸಲಾಗಿದೆ. ಬಳಸದ ಕೋಣೆಗಳಿಗೆ ವಾರಕ್ಕೊಮ್ಮೆ ನೀರು ಬಿಡುವುದು. ಉತ್ತರ ದಿಕ್ಕಿನ ಕೋಣೆ, ಬೀರುವಿನ ಹಿಂದೆ ತೇವ; ಮಳೆಗಾಲದ ಮುಂಚೆ ಹೆಂಚು ನೋಡಿಸುವುದು. ದಿಂಬುಗಳನ್ನು ಬಿಸಿಲಿಗೆ ಹಾಕುವುದು. ಕಡುಬಿಗೆ ಯಾವ ಆಕ್ಷೇಪವೂ ಇಲ್ಲ." ಕೆಳಗೆ ಸಹಿ, ತಾರೀಖು. ಸೀಲು ಇರಲಿಲ್ಲ, ಅಷ್ಟೇ.

ಇದೇ ಬಳಗದಲ್ಲಿ ನನ್ನ ಭಾಮೈದ ಇದ್ದಾನೆ. ಬಹಳ ಮೃದು ಸ್ವಭಾವ, ಯಾರ ಮನಸ್ಸನ್ನೂ ನೋಯಿಸದವನು. ಅವನ ಕೋಣೆಯ ದಿಂಬು ಸಿಂಡು ಹೊಡೆಯುತ್ತಿತ್ತು; ರಾತ್ರಿಯಿಡೀ ಟವೆಲ್ ಸುತ್ತಿಕೊಂಡು ಮಲಗಿದ್ದ. ಬೆಳಿಗ್ಗೆ ಗೌಡರ ಕೈಕುಲುಕಿ, "ಸೂಪರ್ ಗೌಡ್ರೇ, ಮನೇಲಿ ಮಲಗಿದ ಹಾಗೇ ಇತ್ತು" ಎಂದ. ಗಾಡಿ ಬೇಲೂರು ದಾಟುವ ಮೊದಲೇ ದಿಂಬಿನ ಪುರಾಣ ಶುರುವಾಯಿತು. ಹಾಸನದಲ್ಲಿ ಕಾಫಿಗೆ ನಿಂತಾಗಲೂ ನಿಲ್ಲಲಿಲ್ಲ. ಸೋಮವಾರ ಆಫೀಸಿನಲ್ಲಿ ಹತ್ತು ಜನಕ್ಕೆ ಹೇಳಿದ. ಆ ಹತ್ತು ಜನರಲ್ಲಿ ಒಬ್ಬನೂ ಇನ್ನು ಆ ತೋಟದ ಕಡೆ ಹೋಗುವುದಿಲ್ಲ. ಯಾಕೆ ಎಂದು ಗೌಡರಿಗೆ ತಿಳಿಯುವುದೂ ಇಲ್ಲ. ಎಲ್ಲರೂ ಅವನನ್ನು ಒಳ್ಳೆಯವನು ಎನ್ನುತ್ತಾರೆ. ಗೌಡರ ಲೆಕ್ಕದಲ್ಲಿ ನೋಡಿದರೆ ಇಬ್ಬರಲ್ಲಿ ಅಪಾಯದ ಮನುಷ್ಯ ಅವನೇ.

ಷಡ್ಡಕರ ಈ ಸತ್ಯವ್ರತ ಎಲ್ಲ ಕಡೆಯೂ ನಡೆಯುತ್ತದೆಯೇ ಎಂದರೆ, ಒಂದು ಕಡೆ ನಡೆಯುವುದಿಲ್ಲ. ನಮ್ಮಿಬ್ಬರಿಗೂ ಸೇರಿದ ಮಾವನ ಮನೆ. ಅಲ್ಲಿ ಹಿಂದುಗಡೆಯ ಕೋಣೆ ವರ್ಷಕ್ಕೆರಡು ಸಲ ಅಳಿಯಂದಿರಿಗೆಂದೇ ತೆರೆಯುವಂಥದ್ದು. ಬಚ್ಚಲ ವಿಚಾರ ಹೇಳಬೇಕಾಗಿಲ್ಲ. ಅಲ್ಲಿ ಷಡ್ಡಕರು ಹೊಸ್ತಿಲ ಮೇಲೆ ನಿಲ್ಲುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಅತ್ತೆ ಬಂದು, "ರೂಮು ಸರಿಯಾಗಿದೆಯೇನಪ್ಪಾ?" ಎಂದರೆ, "ಓಹೋ, ಬೇಕಾದ ಹಾಗಿದೆ" ಎನ್ನುತ್ತಾರೆ. ಮನೆಯೆಲ್ಲ ಮಲಗಿದ ಮೇಲೆ ಅವರು ಬಕೆಟ್ ಹಿಡಿದು ಬಚ್ಚಲಿಗೆ ಹೋಗುತ್ತಿದ್ದುದನ್ನು ನಾನೊಮ್ಮೆ ಕಂಡು, "ಏನು ಭಾವಾ, ಇಷ್ಟು ಹೊತ್ತಲ್ಲಿ?" ಎಂದೆ. "ಬಾಯಾರಿಕೆ" ಎಂದರು. ಕೈಯಲ್ಲಿ ಎಣ್ಣೆ ಚಮಚವೂ ಇತ್ತು.

ಈ ಸಲದ ದಸರಾ ರಜೆಗೆ ಅವರು ಸಕಲೇಶಪುರದ ಕಡೆ ಹೊರಟಿದ್ದಾರೆ. ಎಲ್ಲಿ ಇಳಿದುಕೊಳ್ಳುತ್ತಾರೆ ಎಂದು ನನಗೂ ಹೇಳಿಲ್ಲ. ಇನ್‌ಸ್ಪೆಕ್ಷನ್ ಎಂದರೆ ಹಾಗೇ. ಆ ಸೀಮೆಯಲ್ಲಿ ಹೋಮ್‌ಸ್ಟೇ ಇಟ್ಟಿರುವವರು ದಯವಿಟ್ಟು ಇವತ್ತೇ ಬೀಗ ಹಾಕಿದ ಕೋಣೆಗಳನ್ನು ತೆಗೆಯಿರಿ, ಬಚ್ಚಲ ಮೂಲೆಗೊಂದು ಬಕೆಟ್ ನೀರು ಸುರಿಯಿರಿ, ದಿಂಬುಗಳನ್ನು ಬಿಸಿಲಿಗೆ ಹಾಕಿರಿ. ಗುಲಾಬಿ ಡಬ್ಬಿಯನ್ನಂತೂ ಅವರ ಕಣ್ಣಿಗೆ ಬೀಳದಂತೆ ಬಚ್ಚಿಡಿ.